ತೀರಿದ ಲೆಕ್ಕವನ್ನೂ ತೋರಿಸು

ಕಾಶಿಯಿಂದ ಊರಿಗೆ ಎಷ್ಟು ಗಂಗೆಯ ಗಿಂಡಿ ಒಯ್ಯಬೇಕು? ಹನುಮಾನ್ ಘಾಟಿನ ಓಣಿಯ ಒಂದು ಲಾಡ್ಜಿನ ರೂಮಿನಲ್ಲಿ ಕೂತು ಅವ್ವ ಈ ಪ್ರಶ್ನೆ ಕೇಳಿದಳು. ಅಪ್ಪನ ಅಸ್ಥಿ ಬಿಟ್ಟು ಬಂದ ಮರುದಿನ ಅದು. ಅಸ್ಥಿಯ ಒಂದು ಪಾಲನ್ನು ಊರಲ್ಲೇ ತುಂಗಭದ್ರೆಗೆ ಬಿಟ್ಟಿದ್ದೆವು. ಇನ್ನೊಂದು ಪಾಲು ಕಾಶಿಗೇ ಹೋಗಬೇಕೆಂಬುದು ಅಪ್ಪನ ಆಸೆಯಾಗಿತ್ತು. ಊರಿಗೆ ಮರಳಿದ ಮೇಲೆ ಗಂಗಾಪೂಜೆ ಮಾಡಿ, ಅಪ್ಪನ ಅಂಗಡಿಯ ಗಿರಾಕಿಗಳಿಗೆಲ್ಲ ಒಂದೊಂದು ಗಿಂಡಿ, ಒಂದೊಂದು ಕಾಶೀದಾರ ಕೊಡಬೇಕು ಅನ್ನುವುದು ಅವ್ವನ ಲೆಕ್ಕ.

ನಾನು ಲ್ಯಾಪ್‌ಟಾಪ್ ತೆಗೆದು ಒಂದು ಸಾಲು ಟೈಪು ಮಾಡಿದೆ. ಹನ್ನೆರಡು ಹೆಸರು ಬಂದವು. ಓದಿ ಹೇಳಿದೆ.

‘ಇಷ್ಟ ಮಂದಿನಾ?’ ಅಂದಳು ಅವ್ವ. ‘ನಿನ್ನ ಲೆಕ್ಕದಾಗ ಮಾಸ್ತರು ಯಾಕಿಲ್ಲ?’

ಈ ಬರಹ ಆ ಪ್ರಶ್ನೆಗೆ ಉತ್ತರ. ಇದನ್ನು ವಿಮರ್ಶೆ ಎಂದು ಕರೆದು ಸಂಪಾದಕರಿಗೆ ಕಳಿಸುತ್ತಿದ್ದೇನೆ. ವಿಮರ್ಶೆಗೆ ಎತ್ತಿಕೊಂಡಿರುವ ಪಠ್ಯಗಳು ಎರಡು. ಒಂದು, ಎಚ್‌ಲೆಡ್ಜರ್ ಎಂಬ ಲೆಕ್ಕದ ತಂತ್ರಾಂಶ ಕೊಡುವ ವರದಿ. ಇನ್ನೊಂದು, ನಾನು ಕೂತಿದ್ದ ರೂಮಿನಿಂದ ಐದು ನಿಮಿಷ ನಡೆದರೆ ಸಿಗುವ ಘಾಟಿಗೆ ಹೆಸರು ಕೊಟ್ಟವನ ಕಥೆ, ಕನ್ನಡದಲ್ಲಿ ರಾಘವಾಂಕ ಬರೆದದ್ದು. ಇವೆರಡನ್ನೂ ಒಟ್ಟಿಗೆ ಓದುವುದು ವಿಚಿತ್ರವೆನಿಸಬಹುದು. ಆದರೆ ಎರಡೂ ಸಾಲದ ಕುರಿತವು. ಸಾಲ ತೀರಿದ ಮೇಲೆ ಏನನ್ನು ತೋರಿಸಬೇಕು ಎಂಬ ಪ್ರಶ್ನೆ ಎರಡರಲ್ಲೂ ಇದೆ.

*

ಮೊದಲು ತಂತ್ರಾಂಶ. ಕಂಪ್ಯೂಟರಿನಲ್ಲಿ ಲೆಕ್ಕ ಎಂದರೆ ಸಾಮಾನ್ಯವಾಗಿ ಕಿಟಕಿಗಳು, ಗುಂಡಿಗಳು, ಬಣ್ಣದ ಚಿತ್ರಗಳು. ಇದು ಆ ಜಾತಿಯದಲ್ಲ. ಇಲ್ಲಿ ಕೀರ್ದಿ ಎಂಬುದು ಬರೀ ಅಕ್ಷರದ ಕಡತ. ದಿನಾಂಕ, ವಿವರ, ಅದರ ಕೆಳಗೆ ಯಾವ ಖಾತೆಗೆ ಎಷ್ಟು ಹೋಯಿತು, ಯಾವ ಖಾತೆಯಿಂದ ಎಷ್ಟು ಬಂತು, ಅಷ್ಟೇ. ಆಮೇಲೆ ಕರಿ ಪರದೆಯಲ್ಲಿ ಆದೇಶ ಕೊಟ್ಟರೆ ಅದು ಕೂಡಿ ಕಳೆದು ವರದಿ ಹೇಳುತ್ತದೆ. ಜಾನ್ ವೀಗ್ಲಿ ಎಂಬವರು 2003ರಲ್ಲಿ ಲೆಡ್ಜರ್ ಎಂಬ ಹೆಸರಿನಲ್ಲಿ ಇಂಥದ್ದೊಂದನ್ನು ಬರೆದರು. ಅದನ್ನು ನೋಡಿ ಸೈಮನ್ ಮೈಕೆಲ್ 2007ರಲ್ಲಿ ಹ್ಯಾಸ್ಕೆಲ್ ಭಾಷೆಯಲ್ಲಿ ಎಚ್‌ಲೆಡ್ಜರ್ ಶುರು ಮಾಡಿದರು. ಖಾತೆಗಳ ಹೆಸರು ಕನ್ನಡದಲ್ಲಿದ್ದರೂ ಅದಕ್ಕೆ ಬೇಸರವಿಲ್ಲ. ‘ಆಸ್ತಿ’, ‘ಸಾಲ’ ಎಂಬ ಹೆಸರುಗಳು ಯಾವ ಬಗೆಯವು ಎಂದು ಮೊದಲೇ ಒಂದು ಸಾಲಿನಲ್ಲಿ ಹೇಳಿಕೊಡಬೇಕು. ಪರದೆಯ ಮೇಲೆ ನಮ್ಮ ಒತ್ತಕ್ಷರಗಳಿಂದಾಗಿ ಅಂಕಣಗಳು ಸ್ವಲ್ಪ ಸೊಟ್ಟಗಾಗುತ್ತವೆ. ಅದು ಬಿಟ್ಟರೆ ಹತ್ತು ವರ್ಷದಿಂದ ನನ್ನ ಮನೆಯ ಲೆಕ್ಕವೆಲ್ಲ ಇದರಲ್ಲೇ.

ಇದರ ಮುಖ್ಯ ವರದಿ ಬ್ಯಾಲೆನ್ಸ್. ನಮ್ಮ ಹಳೆಯ ಅಂಗಡಿ ಮಾತಿನಲ್ಲಿ ಶಿಲ್ಕು. ಪ್ರತಿ ಖಾತೆಯ ಎದುರು ಇವತ್ತಿಗೆ ಉಳಿದದ್ದು ಎಷ್ಟು ಎಂದು ತೋರಿಸುತ್ತದೆ. ಇದಕ್ಕೊಂದು ನಿಯಮವಿದೆ: ಶಿಲ್ಕು ಸೊನ್ನೆಯಾದ ಖಾತೆಯನ್ನು ತಾನಾಗಿ ತೋರಿಸುವುದಿಲ್ಲ. ಅದರ ಕೈಪಿಡಿಯಲ್ಲಿರುವ ಮಾದರಿ ಕಡತದಲ್ಲೇ ಬ್ಯಾಂಕಿನ ಚಾಲ್ತಿ ಖಾತೆಯೊಂದು ವರ್ಷದ ಕೊನೆಯ ದಿನ ಬಾಕಿ ಕಟ್ಟಿ ಸೊನ್ನೆಗೆ ಬರುತ್ತದೆ. ವರದಿ ತೆಗೆದರೆ ಅದರ ಸುಳಿವೇ ಇರುವುದಿಲ್ಲ. ಅದು ಕಾಣಬೇಕಾದರೆ ಆದೇಶದ ಕೊನೆಗೆ ‘--ಎಂಪ್ಟಿ’ ಎಂದು ಸೇರಿಸಬೇಕು. ಚಿಕ್ಕದಾಗಿ, ಇಂಗ್ಲಿಷಿನ ದೊಡ್ಡಕ್ಷರದ ‘-ಇ’. ಸಣ್ಣಕ್ಷರದ ‘-ಇ’ಗೆ ಬೇರೆಯೇ ಕೆಲಸ: ಲೆಕ್ಕವನ್ನು ಇಂಥ ದಿನಾಂಕಕ್ಕೆ ನಿಲ್ಲಿಸು ಎಂದು ಹೇಳುವುದು. ಸಣ್ಣದು ಮುಗಿಸು ಅನ್ನುತ್ತದೆ, ದೊಡ್ಡದು ಮುಗಿದದ್ದನ್ನೂ ತೋರಿಸು ಅನ್ನುತ್ತದೆ. ಶಿಫ್ಟ್ ಗುಂಡಿ ಒತ್ತಿದರೆ ಒಂದು, ಒತ್ತದಿದ್ದರೆ ಇನ್ನೊಂದು. ನಾನು ಒತ್ತಿರಲಿಲ್ಲ ಎನ್ನುವುದಕ್ಕಿಂತ, ಒತ್ತಬೇಕೆಂದು ಹೊಳೆದೇ ಇರಲಿಲ್ಲ.

*

ಅಪ್ಪನದು ಹಿರೇಕೆರೂರ ಕಡೆಯ ಹಳ್ಳಿಯಲ್ಲಿ ಕಿರಾಣಿ ಅಂಗಡಿ. ಉದ್ರಿ ವ್ಯವಹಾರ. ಕೆಂಪು ಬಟ್ಟೆಯ ಬೆನ್ನಿನ ಉದ್ದನೆಯ ಪುಸ್ತಕ, ಒಬ್ಬೊಬ್ಬರಿಗೆ ಒಂದೊಂದು ಪುಟ. ಯಾರಾದರೂ ಬಾಕಿ ಪೂರ್ತಿ ಕಟ್ಟಿದರೆ ಪುಟದ ಮೇಲೆ ಓರೆಯಾಗಿ ಗೆರೆ ಎಳೆದು ‘ಚುಕ್ತಾ’ ಎಂದು ಬರೆಯುತ್ತಿದ್ದರು. ಪುಟ ಹರಿಯುತ್ತಿರಲಿಲ್ಲ. ಪ್ರತಿ ದೀಪಾವಳಿಗೆ ಲಕ್ಷ್ಮೀಪೂಜೆ ಮಾಡಿ ಹೊಸ ಪುಸ್ತಕ ತೆರೆಯುವಾಗ ಮೊದಲ ಹಾಳೆಯಲ್ಲಿ ಎಲ್ಲರ ಹೆಸರನ್ನೂ ಮತ್ತೆ ಬರೆಯುತ್ತಿದ್ದರು. ಬಾಕಿ ಇರುವವರದಷ್ಟೇ ಅಲ್ಲ, ಚುಕ್ತಾ ಆದವರದೂ. ಹೈಸ್ಕೂಲಿನಲ್ಲಿದ್ದಾಗ ಹೆಸರು ಬರೆದುಕೊಡುವ ಕೆಲಸ ನನ್ನದು. ಬಾಕಿ ಇಲ್ಲದವರದನ್ನು ಯಾಕೆ ಬರೆಯಬೇಕು, ಹಾಳೆ ದಂಡ ಎಂದಿದ್ದಕ್ಕೆ ಅಪ್ಪ ಹೇಳಿದ್ದು ನೆನಪಿದೆ: ‘ಚುಕ್ತಾ ಮಾಡಿದಾವನ ಹೆಸರು ಮೊದಲು ಬರೀಬೇಕಲೇ. ನಾಳೆ ಅವಗ ಮತ್ತ ಉದ್ರಿ ಕೊಡೂದೈತಿ.’

ಅಪ್ಪ ಹೋದ ಎರಡನೆಯ ದಿನ ನಾನು ಮಾಡಿದ್ದು, ನನ್ನ ವೃತ್ತಿಯವರು ಮಾಡುವಂಥದ್ದೇ. ದುಃಖವನ್ನು ಒಂದು ಪ್ರಾಜೆಕ್ಟ್ ಮಾಡಿಕೊಂಡೆ. ಅಪ್ಪನ ಕೊನೆಯ ಪುಸ್ತಕವನ್ನೂ, ಮನೆಯ ಕೈಗಡಗಳನ್ನು ಬರೆದಿಟ್ಟಿದ್ದ ಇನ್ನೊಂದು ಸಣ್ಣ ಪುಸ್ತಕವನ್ನೂ ಇಡೀ ರಾತ್ರಿ ಕೂತು ಕಡತಕ್ಕೆ ಇಳಿಸಿದೆ. ಐವತ್ಮೂರು ಹೆಸರು. ತಂದೆ ಹೋದಾಗ ಮಗನಾದವನು, ಅವರಿಗೆ ಬರಬೇಕಾದ್ದು ಯಾರಿಂದ, ಅವರು ಕೊಡಬೇಕಾದ್ದು ಯಾರಿಗೆ ಎಂದು ವಿಚಾರಿಸಿ ಹನ್ನೆರಡನೆಯ ದಿನದೊಳಗೆ ಒಂದು ತೀರ್ಮಾನಕ್ಕೆ ಬರಬೇಕಲ್ಲ? ವರದಿ ತೆಗೆದೆ. ಹತ್ತು ಜನ ಗಿರಾಕಿಗಳಿಂದ ಬರಬೇಕಿತ್ತು, ಇಬ್ಬರು ಸಗಟು ವ್ಯಾಪಾರಿಗಳಿಗೆ ಕೊಡಬೇಕಿತ್ತು. ಹತ್ತೂ ಜನರಿಗೆ ಫೋನು ಮಾಡಿ, ಅಪ್ಪ ಹೋದರು, ನಿಮ್ಮ ಬಾಕಿ ಬಿಟ್ಟಿದ್ದೇವೆ, ಹನ್ನೆರಡನೆಯ ದಿನಕ್ಕೆ ಬನ್ನಿ ಎಂದೆ. ಇಬ್ಬರಿಗೆ ಹಣ ಕಳಿಸಿ ಬರಹೇಳಿದೆ. ಊರಲ್ಲೇ ಇದ್ದವರಿಗೆ ಸುದ್ದಿ ಹೇಗೂ ಗೊತ್ತಿತ್ತು. ಹೊರಗಿನವರಿಗೆ ನನ್ನ ಪಟ್ಟಿಯೇ ಆಧಾರ. ಎಲ್ಲ ಅಚ್ಚುಕಟ್ಟಾಗಿ ಮುಗಿಯಿತು ಎಂದುಕೊಂಡೆ.

ಇಪ್ಪತ್ತನೆಯ ದಿನ ಧಾರವಾಡದಿಂದ ಮಾಸ್ತರ ಫೋನು ಬಂತು. ಅವರು ನಮ್ಮೂರ ಸಾಲಿಯಲ್ಲಿದ್ದವರು. ನಿವೃತ್ತಿಯ ಮೇಲೆ ಧಾರವಾಡದಲ್ಲಿ ಮಗನ ಮನೆ ಸೇರಿದ್ದರು. 2003ರಲ್ಲಿ ನನಗೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ತಂತ್ರಜ್ಞಾನ ಸಂಸ್ಥೆಯಲ್ಲಿ ಎಂಟೆಕ್ ಸೀಟು ಸಿಕ್ಕಾಗ ಪ್ರವೇಶ ಶುಲ್ಕ, ಹಾಸ್ಟೆಲ್ಲು, ಒಂದು ಹಳೆಯ ಕಂಪ್ಯೂಟರು ಎಲ್ಲಕ್ಕೂ ಸೇರಿ 25,000 ರೂಪಾಯಿ ಕೈಗಡ ಕೊಟ್ಟವರು ಅವರೇ. ಬಡ್ಡಿ ಮುಟ್ಟಲಿಲ್ಲ. ಅಪ್ಪ ಹನ್ನೊಂದು ಕಂತಿನಲ್ಲಿ ತೀರಿಸಿದರು. 2006ರ ಮಾರ್ಚಿನಲ್ಲಿ ಕಟ್ಟಿದ ಕೊನೆಯ ಕಂತು 1,500. ಇವತ್ತು ನಾನು ಕರಿ ಪರದೆಯ ಮುಂದೆ ಕೂತು ಅನ್ನ ತಿನ್ನುತ್ತಿದ್ದರೆ ಆ ಪರದೆ ಮೊದಲು ಬಂದದ್ದು ಅವರ ದುಡ್ಡಿನಲ್ಲಿ.

ಅವರು ಬೈಯಲಿಲ್ಲ. ‘ಯಾರೋ ಹೇಳಿದ್ರು, ಈಗ ಗೊತ್ತಾತು’ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನ ಲೆಕ್ಕ ಚುಕ್ತಾ ಆಗಿತ್ತಲ್ಲಪ್ಪ, ಅದಕ್ಕ ಹೇಳಲಿಲ್ಲೇನು?’ ಎಂದರು. ಅವರಿಗೆ ನನ್ನ ವರದಿಯ ವಿಷಯ ಗೊತ್ತಿರಲಿಲ್ಲ. ನೊಂದವರು ಆಡುವ ಮಾತು ಅದು. ಗಡಿಬಿಡಿಯಲ್ಲಿ ತಪ್ಪಿತು ಸರ್ ಎಂದೆ. ಹಾಗೆಂದೇ ನಂಬಿದ್ದೆ ಕೂಡ. ಕಾಶಿಯ ರೂಮಿನಲ್ಲಿ ಅವ್ವ ಕೇಳಿದಾಗಷ್ಟೇ ತಿಳಿಯಿತು, ಗಡಿಬಿಡಿ ಏನೂ ಇರಲಿಲ್ಲ. ಮಾಸ್ತರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಲೆಕ್ಕ ಚುಕ್ತಾ ಆಗಿದ್ದರಿಂದಲೇ ಅವರಿಗೆ ಹೇಳಿರಲಿಲ್ಲ.

*

ಇಲ್ಲಿ ತಂತ್ರಾಂಶವನ್ನು ಬೈದು ಮುಗಿಸಿದರೆ ಸುಲಭ. ಆದರೆ ಅದರ ಪರವಾಗಿಯೂ ಹೇಳುವುದಿದೆ. ಹತ್ತು ವರ್ಷದ ನನ್ನ ಮನೆಯ ಕಡತದಲ್ಲಿ ಮುಚ್ಚಿದ ಕ್ರೆಡಿಟ್ ಕಾರ್ಡು, ಮುಗಿದ ಆರ್‌ಡಿ, ಬಿಟ್ಟ ಬಾಡಿಗೆ ಮನೆಯ ಮುಂಗಡ, ಮಗಳ ಶಾಲೆಯ ಪ್ರವಾಸಕ್ಕೆಂದು ತೆರೆದ ಖಾತೆ, ಇಂಥವು ಎಷ್ಟೋ. ಎಲ್ಲವೂ ದಿನಾ ಕಣ್ಣಿಗೆ ಬಿದ್ದರೆ ಇವತ್ತು ಕಟ್ಟಬೇಕಾದ್ದು ಯಾವುದು ಎಂದು ಹುಡುಕುವುದೇ ಕೆಲಸ. ವರದಿ ಎಂದರೆ ಆಯ್ಕೆ. ಎಲ್ಲವನ್ನೂ ತೋರಿಸುವುದಾದರೆ ಕೀರ್ದಿಯನ್ನೇ ಓದಬಹುದು, ವರದಿ ಯಾಕೆ? ಬರೆದವರು ಆಯ್ದುಕೊಂಡದ್ದು ಸರಿಯಾದದ್ದನ್ನೇ: ಇವತ್ತು ಯಾವುದರ ಕಡೆ ಗಮನ ಬೇಕು ಎಂಬುದನ್ನು. ಅಲ್ಲದೆ ಅವರು ಏನನ್ನೂ ಅಳಿಸಿಲ್ಲ. ಕೀರ್ದಿಯಲ್ಲಿ ಹನ್ನೊಂದೂ ಕಂತು ಇದ್ದವು. ಒಂದು ಅಕ್ಷರ ಸೇರಿಸಿ ಕೇಳಿದ್ದರೆ ತೋರಿಸುತ್ತಿತ್ತು. ಒಂದು ಕಡೆಯಂತೂ ಅದು ನನಗಿಂತ ಸೂಕ್ಷ್ಮ: ಖಾತೆಗಳನ್ನು ವಂಶವೃಕ್ಷದಂತೆ ಜೋಡಿಸಿ ತೋರಿಸುವಾಗ, ತಾಯಿ ಖಾತೆಯ ಶಿಲ್ಕು ಸೊನ್ನೆಯಾಗಿದ್ದರೂ ಅದರ ಮಕ್ಕಳ ಖಾತೆಯಲ್ಲಿ ಏನಾದರೂ ಉಳಿದಿದ್ದರೆ ತಾಯಿಯನ್ನು ಮರೆಮಾಡುವುದಿಲ್ಲ.

ಹಾಗಾದರೆ ತಪ್ಪು ಎಲ್ಲಿ? ವರದಿ ಉತ್ತರಿಸುತ್ತಿದ್ದ ಪ್ರಶ್ನೆ ‘ಯಾರ ಬಾಕಿ ಇದೆ?’ ನಾನು ಕೇಳುತ್ತಿದ್ದ ಪ್ರಶ್ನೆ ‘ಅಪ್ಪನಿಗೆ ಯಾರು ಯಾರು ಇದ್ದರು?’ ಎರಡಕ್ಕೂ ಒಂದೇ ಆದೇಶ ಕೊಟ್ಟೆ. ಹಾಗೆ ಬಂದ ಹನ್ನೆರಡು ಹೆಸರುಗಳನ್ನು ಈಗ ಮತ್ತೆ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಅದರಲ್ಲಿದ್ದವರೆಲ್ಲ ಕೊಡುವುದು ಉಳಿಸಿಕೊಂಡವರು, ಇಲ್ಲವೇ ನಾವು ಉಳಿಸಿಕೊಂಡವರು. ಹೇಳಿದ ದಿನಕ್ಕೆ ತಂದುಕೊಟ್ಟ ನಲವತ್ತೊಂದು ಜನ ಆ ವರದಿಯಲ್ಲಿ ಇರಲೇ ಇಲ್ಲ. ಅಪ್ಪ ಯಾರ ಹೆಸರನ್ನು ಮೊದಲು ಬರೆಯಬೇಕೆಂದಿದ್ದರೋ ಅವರೇ ಮಾಯ. ಅಪ್ಪನ ಮಾತಿನಲ್ಲಿ ಭಾವುಕತೆ ಏನೂ ಇರಲಿಲ್ಲ, ಅದು ಶುದ್ಧ ವ್ಯಾಪಾರದ ಮಾತು. ತೀರಿಸಿದವನ ಹೆಸರೇ ಅಂಗಡಿಯ ಬಂಡವಾಳ. ಇವತ್ತಿನ ಬ್ಯಾಂಕುಗಳು ಸಾಲದ ಚರಿತ್ರೆ ನೋಡಿ ಅಂಕ ಕೊಡುವುದೂ ಇದನ್ನೇ, ತೀರಿಸಿದ ಸಾಲಗಳನ್ನೂ ಲೆಕ್ಕಕ್ಕೆ ಹಿಡಿದು.

ನನ್ನ ಆಫೀಸಿನ ಸೋಮವಾರದ ವರದಿಯೂ ಇದೇ ನಿಯಮದ್ದು. ಬಾಕಿ ಇರುವ ಕೆಲಸ, ತಡವಾದ ಕೆಲಸ, ಯಾರ ಮೇಜಿನಲ್ಲಿ ನಿಂತಿದೆ, ಇಷ್ಟೇ ಅದರಲ್ಲಿ. ಎಷ್ಟೋ ವಾರ ಒಂದು ಹುಡುಗಿಯ ಹೆಸರು ಅದರಲ್ಲಿ ಬರಲೇ ಇಲ್ಲ. ಅವಳ ಕೆಲಸವೆಲ್ಲ ಮುಗಿದಿರುತ್ತಿತ್ತು. ವರ್ಷದ ಕೊನೆಗೆ ಯಾರು ಏನು ಮಾಡಿದರು ಎಂದು ನೆನಪಿನಿಂದ ಬರೆಯಲು ಕೂತಾಗ ತಡ ಮಾಡಿದವರ ಹೆಸರುಗಳೇ ನಾಲಿಗೆಯ ತುದಿಯಲ್ಲಿದ್ದವು. ಅವಳದು ತಡವಾಗಿ ನೆನಪಾಯಿತು. ವರದಿ ಮಾಡುವವನ ನೆನಪೂ ವರದಿಯ ಹಾಗೆಯೇ ಆಗಿಬಿಡುತ್ತದೆ ಎಂದು ಆಗ ಅನ್ನಿಸಿದ್ದು, ಆಮೇಲೆ ಮರೆತಿದ್ದೆ.

*

ವಿಮರ್ಶಕನಾಗಿ ನನ್ನ ತಕರಾರು ನಿಯಮಕ್ಕಿಂತ ಹೆಚ್ಚಾಗಿ ಆ ಪದದ ಮೇಲೆ. ‘ಎಂಪ್ಟಿ’ ಎಂದರೆ ಖಾಲಿ, ಬರಿದು. ಮಾಸ್ತರ ಖಾತೆ ಖಾಲಿಯೇ? ಅದರಲ್ಲಿ ಒಂದು ಬರುವಿಕೆ, ಹನ್ನೊಂದು ಹೋಗುವಿಕೆ ಇವೆ. ಎರಡು ವರ್ಷ ಎಂಟು ತಿಂಗಳ ಕಾಲ ತಿಂಗಳು ತಿಂಗಳಿಗೂ ಅಪ್ಪ ಗಲ್ಲಾಪೆಟ್ಟಿಗೆಯಿಂದ ಎತ್ತಿಟ್ಟ ನೋಟುಗಳಿವೆ. ಕೂಡಿದಾಗ ಸೊನ್ನೆ ಬರುತ್ತದೆ ಎಂದ ಮಾತ್ರಕ್ಕೆ ಅದು ಖಾಲಿಯಲ್ಲ.

ಸ್ವಾರಸ್ಯವೆಂದರೆ ತಂತ್ರಾಂಶಕ್ಕೆ ಈ ಭೇದ ಗೊತ್ತಿದೆ. ಎಚ್‌ಲೆಡ್ಜರಿನಲ್ಲಿ ಖಾತೆಯ ಹೆಸರನ್ನು ಮೊದಲೇ ಘೋಷಿಸಿ, ಒಂದೂ ವ್ಯವಹಾರ ಮಾಡದೆ ಬಿಡಬಹುದು. ಅಂಥ ಖಾತೆ ‘-ಇ’ ಹಾಕಿದರೂ ಬರುವುದಿಲ್ಲ. ಅದಕ್ಕೆ ‘--ಡಿಕ್ಲೇರ್ಡ್’ ಎಂದು ಇನ್ನೊಂದನ್ನು ಸೇರಿಸಬೇಕು. ಅಂದರೆ ಸೊನ್ನೆಯಲ್ಲಿ ಎರಡು ಬಗೆ: ನಡೆದು ನಡೆದು ತಲುಪಿದ ಸೊನ್ನೆ, ಹೆಜ್ಜೆಯನ್ನೇ ಇಡದ ಸೊನ್ನೆ. ಖಾಲಿ ಎಂಬ ಮಾತು ಒಪ್ಪುವುದು ಎರಡನೆಯದಕ್ಕೆ. ತಂತ್ರಾಂಶ ಭೇದ ತಿಳಿದೂ ಆ ಹೆಸರನ್ನು ಮೊದಲನೆಯದಕ್ಕೆ ಕೊಟ್ಟಿದೆ. ಇದೇ ಬಳಗದ ಬೀನ್‌ಕೌಂಟ್ ಎಂಬ ತಂತ್ರಾಂಶ, ಮಾರ್ಟಿನ್ ಬ್ಲೈಸ್ ಅವರದ್ದು, ಖಾತೆಗಳಿಗೆ ತೆರೆದ ದಿನಾಂಕವನ್ನು ಕಡ್ಡಾಯ ಮಾಡುತ್ತದೆ, ಮುಚ್ಚಿದ ದಿನಾಂಕ ಬರೆಯಲೂ ಅವಕಾಶ ಕೊಡುತ್ತದೆ. ಮುಚ್ಚಿದ ಮೇಲೆ ವ್ಯವಹಾರ ಬರೆದರೆ ತಪ್ಪು ಎಂದು ಕೂಗುತ್ತದೆ. ಹುಟ್ಟು ಸಾವಿನ ದಾಖಲೆಯಂತೆ ಅದು. ಶಿಸ್ತಿನದು, ಆದರೆ ಅಪ್ಪನಿಗೆ ಹಿಡಿಸುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಚುಕ್ತಾ ಆದ ಖಾತೆ ಮುಚ್ಚಿದ ಖಾತೆಯಲ್ಲ, ನಾಳೆ ಮತ್ತೆ ತೆರೆಯುವಂಥದ್ದು.

ಕನ್ನಡದಲ್ಲಿ ಇದಕ್ಕೆ ಬಳಸುವ ಕ್ರಿಯಾಪದ ‘ತೀರು’. ಸಾಲ ತೀರಿತು ಅನ್ನುತ್ತೇವೆ. ಮನುಷ್ಯರು ಹೋದರೆ ತೀರಿಹೋದರು ಅನ್ನುತ್ತೇವೆ. ಯಾರಾದರೂ ಹೋದಾಗ ಅವರ ಋಣ ಇಲ್ಲಿಗೆ ತೀರಿತು ಎಂದು ಸಮಾಧಾನ ಹೇಳುತ್ತೇವೆ. ತೀರಿದ್ದನ್ನು ಖಾಲಿ ಎಂದು ಯಾರೂ ಕರೆಯುವುದಿಲ್ಲ. ಆ ಆಯ್ಕೆಗೆ ಕನ್ನಡದಲ್ಲಿ ಹೆಸರಿಡುವ ಕೆಲಸ ಬಂದರೆ ನನ್ನ ಸಲಹೆ ‘--ತೀರಿದ್ದೂ’ ಎಂದು.

*

ಅಂದು ಸಂಜೆ ಘಾಟಿಗೆ ಇಳಿದೆ. ಹನುಮಾನ್ ಘಾಟಿನಿಂದ ಹೊಳೆಯ ದಿಕ್ಕಿನಲ್ಲಿ ನಡೆದರೆ ಕರ್ನಾಟಕ ಘಾಟ್ ಸಿಗುತ್ತದೆ. ಹಿಂದೆ ಮೈಸೂರು ಸಂಸ್ಥಾನ ಕಟ್ಟಿಸಿದ್ದು. ಅದಕ್ಕೆ ಅಂಟಿಕೊಂಡೇ ಹರಿಶ್ಚಂದ್ರ ಘಾಟ್. ಎಂಟೆಕ್ ಓದುವಾಗ ಎಷ್ಟೋ ಸಲ ಈ ದಾರಿಯಲ್ಲಿ ನಡೆದಿದ್ದೇನೆ. ಕನ್ನಡದ ಮೆಟ್ಟಿಲು ಮುಗಿದಲ್ಲಿ ಹರಿಶ್ಚಂದ್ರನ ಸುಡುಗಾಡು ಶುರುವಾಗುತ್ತದೆ ಎಂಬುದನ್ನು ಆಗ ಗಮನಿಸಿರಲಿಲ್ಲ. ವಿದ್ಯುತ್ ಚಿತಾಗಾರವೂ ಇದೆ, ಕೆಳಗೆ ಕಟ್ಟಿಗೆಯ ಚಿತೆಗಳೂ ಉರಿಯುತ್ತವೆ.

ಹರಿಶ್ಚಂದ್ರ ನಮ್ಮ ಮನೆಗೆ ಬಂದದ್ದು 1965ರ ‘ಸತ್ಯ ಹರಿಶ್ಚಂದ್ರ’ ಸಿನಿಮಾದಿಂದ. ರಾಜ್‌ಕುಮಾರ್ ಹರಿಶ್ಚಂದ್ರ, ಬೆನ್ನು ಬಿಡದೆ ಸಾಲ ಕೇಳುವ ನಕ್ಷತ್ರಿಕನಾಗಿ ನರಸಿಂಹರಾಜು. ಸಾಲದವರು ಬಾಗಿಲಿಗೆ ಬಂದರೆ ‘ನಕ್ಷತ್ರಿಕನ ಕಾಟ’ ಎನ್ನುವುದು ಈಗಲೂ ನಮ್ಮ ಕಡೆ ರೂಢಿ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ವನ್ನು ನಾನು ಓದಿದ್ದು ತಡವಾಗಿ, ಮೂವತ್ತು ದಾಟಿದ ಮೇಲೆ, ಬೆಂಗಳೂರಿನ ಕಂಪನಿ ಬಸ್ಸಿನಲ್ಲಿ. 13ನೆಯ ಶತಮಾನದ ವಾರ್ಧಕ ಷಟ್ಪದಿ ಅರ್ಥಕೋಶ ಹಿಡಿದು ನಿಧಾನಕ್ಕೆ ಇಳಿಯಿತು.

ಸಾಲದ ಲೆಕ್ಕವಾಗಿ ಆ ಕಾವ್ಯವನ್ನು ನೋಡಿ. ಆನೆಯ ಮೇಲೆ ನಿಂತವನೊಬ್ಬ ಕವಡೆಯನ್ನು ಚಿಮ್ಮಿದರೆ ಎಷ್ಟೆತ್ತರಕ್ಕೆ ಹೋಗುತ್ತದೋ ಅಷ್ಟು ಎತ್ತರದ ಧನರಾಶಿಯನ್ನು ವಿಶ್ವಾಮಿತ್ರ ಕೇಳುತ್ತಾನೆ. ಕೊಡುತ್ತೇನೆಂದದ್ದು ರಾಜನ ಬಳಿಯೇ ಉಳಿಯುತ್ತದೆ. ರಾಜ್ಯ ಹೋದ ಮೇಲೆ ಅದೇ ಸಾಲವಾಗಿ ಬೆನ್ನು ಹತ್ತುತ್ತದೆ. ಕಾಶಿಗೆ ಬಂದು ಹೆಂಡತಿ ಚಂದ್ರಮತಿಯನ್ನು, ಮಗ ಲೋಹಿತಾಶ್ವನನ್ನು ಮಾರುತ್ತಾನೆ. ತನ್ನನ್ನೂ ವೀರಬಾಹುಕನಿಗೆ ಮಾರಿಕೊಳ್ಳುತ್ತಾನೆ. ಸಾಲ ತೀರುತ್ತದೆ. ನಕ್ಷತ್ರಿಕ ಹೊರಟುಹೋಗುತ್ತಾನೆ.

ವಿಶ್ವಾಮಿತ್ರನ ಕಡೆಯಿಂದ ವರದಿ ತೆಗೆದರೆ ಹರಿಶ್ಚಂದ್ರ ಎಂಬ ಖಾತೆ ಇಲ್ಲಿಗೆ ಮಾಯ. ಬರಬೇಕಾದ್ದು ಬಂದಿದೆ, ಬಾಕಿ ಸೊನ್ನೆ. ಬರೀ ಸಾಲದ ಕಥೆಯಾಗಿದ್ದರೆ, ಮಾತು ಉಳಿಸಿಕೊಂಡ ರಾಜನ ಕಥೆಯಾಗಿದ್ದರೆ, ಕಾವ್ಯವೂ ಇಲ್ಲಿಗೆ ಮುಗಿಯಬಹುದಿತ್ತು. ರಾಘವಾಂಕ ಮುಗಿಸುವುದಿಲ್ಲ. ನಾವೆಲ್ಲ ನೆನಪಿಟ್ಟುಕೊಂಡಿರುವ ಭಾಗ ಶುರುವಾಗುವುದೇ ಇಲ್ಲಿಂದ ಮುಂದೆ. ಸುಡುಗಾಡು ಕಾಯುವ ರಾಜ, ಹಾವು ಕಚ್ಚಿ ಸತ್ತ ಮಗ, ರಾತ್ರಿಯಲ್ಲಿ ಹೆಣ ಹೊತ್ತು ಬರುವ ತಾಯಿ, ತೆರಿಗೆ ಕೊಡದೆ ಸುಡಬಾರದೆಂದು ತಡೆಯುವ ತಂದೆ. ಸಾಲ ತೀರಿದ ಮೇಲೆ ತೀರಿಸಿದವನಿಗೆ ಏನಾಯಿತು ಎಂಬುದೇ ಈ ಕಾವ್ಯದ ಹೊರೆ. ಶಿಲ್ಕು ಸೊನ್ನೆಯಾದ ಖಾತೆಯನ್ನು ಎತ್ತಿ ಎದುರಿಗಿಟ್ಟು, ಇಗೋ ಇದನ್ನು ನೋಡಿ ಅನ್ನುತ್ತಾನೆ ಕವಿ. ಅವನನ್ನು ದೊಡ್ಡ ಕವಿ ಅನ್ನಲು ನನಗೆ ಈ ಕಾರಣವೇ ಸಾಕು.

ಆದರೆ ಪೂರ್ತಿ ಹೊಗಳಲಾರೆ. ಈ ಎಲ್ಲ ಕಷ್ಟಕ್ಕೆ ಮೊದಲು ಕಾವ್ಯದಲ್ಲಿ ಇಬ್ಬರು ಹೆಣ್ಣುಮಕ್ಕಳು ಬರುತ್ತಾರೆ. ವಿಶ್ವಾಮಿತ್ರ ಸೃಷ್ಟಿಸಿ ಕಳಿಸಿದವರು, ಹೊಲತಿಯರೆಂದು ಕಾವ್ಯ ಕರೆಯುವವರು. ರಾಜನ ಮುಂದೆ ಹಾಡುತ್ತಾರೆ. ಮೆಚ್ಚುಗೆಗೆ ಮುತ್ತಿನ ಸತ್ತಿಗೆ ಕೇಳುತ್ತಾರೆ, ಸಿಗುವುದಿಲ್ಲ. ಮದುವೆಯಾಗು ಅನ್ನುತ್ತಾರೆ. ಕುಲದ ಕಾರಣಕ್ಕೆ ನಿರಾಕರಿಸಿ ಅಟ್ಟಿಸುತ್ತಾನೆ. ಅವರನ್ನು ಒಲ್ಲೆನೆಂದು ರಾಜ್ಯವನ್ನೇ ಕೊಟ್ಟವನು ಆಮೇಲೆ ಕಾಶಿಯಲ್ಲಿ ಅದೇ ಕುಲದವನ ಆಳಾಗಿ ನಿಲ್ಲುತ್ತಾನೆ. ಆ ವ್ಯಂಗ್ಯವನ್ನು ಕವಿ ಬಲ್ಲ. ಆದರೆ ಆ ಇಬ್ಬರು ಹಾಡಿದ ಹಾಡಿಗೆ ಕೊನೆಯ ಲೆಕ್ಕದಲ್ಲಿ ಏನು ಸಂದಿತು ಎಂಬ ಪ್ರಶ್ನೆ ನನ್ನ ಓದಿನಲ್ಲಿ ಉಳಿದುಬಿಟ್ಟಿದೆ. ಹರಿಶ್ಚಂದ್ರನದು ನಡೆದು ತಲುಪಿದ ಸೊನ್ನೆ. ಅವರದು ಹೆಸರು ಘೋಷಿಸಿ ಒಂದು ಜಮೆಯನ್ನೂ ಬರೆಯದ ಖಾತೆ. ಅದನ್ನು ತೋರಿಸಲು ಬೇರೆಯೇ ಆಯ್ಕೆ ಬೇಕು, ಅದು ಈ ಕಾವ್ಯದಲ್ಲಿಲ್ಲ. ದೊಡ್ಡ ಕವಿಯೂ ಯಾರನ್ನು ತೋರಿಸಬೇಕು, ಯಾರನ್ನು ಬಿಡಬೇಕು ಎಂಬ ನಿಯಮ ಇಟ್ಟುಕೊಂಡೇ ಬರೆಯುತ್ತಾನೆ.

*

ಇಷ್ಟು ಹೇಳಿದ ಮೇಲೆ, ಸೊನ್ನೆಯನ್ನು ಯಾವಾಗಲೂ ತೋರಿಸಬೇಕು ಎಂದು ತೀರ್ಪು ಕೊಡಬಹುದೇ? ಇಲ್ಲ. ಅದಕ್ಕೊಂದು ಸಾರ್ವಜನಿಕ ಉದಾಹರಣೆ ಇದೆ.

2014ರ ಆಗಸ್ಟ್ 28ರಂದು ಪ್ರಧಾನಮಂತ್ರಿ ಜನಧನ ಯೋಜನೆ ಶುರುವಾಯಿತು. ಸೊನ್ನೆ ಶಿಲ್ಕಿನಲ್ಲೂ ನಡೆಯುವ ಬ್ಯಾಂಕ್ ಖಾತೆಗಳು ಕೋಟಿಗಟ್ಟಲೆ ತೆರೆದವು. ಅದರ ಜೊತೆಗೇ ಇನ್ನೊಂದು ಅಂಕಿ ಚರ್ಚೆಗೆ ಬಂತು: ಇವುಗಳಲ್ಲಿ ಎಷ್ಟು ಖಾತೆ ಸೊನ್ನೆಯಲ್ಲೇ ಇವೆ? ಸೊನ್ನೆ ಹೆಚ್ಚಿದ್ದರೆ ಯೋಜನೆ ಸೋತಂತೆ, ಕಡಿಮೆಯಾದರೆ ಗೆದ್ದಂತೆ. 2016ರ ಸೆಪ್ಟೆಂಬರಿನಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಒಂದು ತನಿಖಾ ವರದಿ ಪ್ರಕಟಿಸಿತು. ಸೊನ್ನೆ ಖಾತೆಗಳ ಸಂಖ್ಯೆ ಇಳಿಸಿ ತೋರಿಸಲು ಬ್ಯಾಂಕ್ ಸಿಬ್ಬಂದಿಯೇ ಅನೇಕ ಖಾತೆಗಳಿಗೆ ಒಂದೊಂದು ರೂಪಾಯಿ ಹಾಕಿದ್ದಾರೆ ಎಂಬುದು ಅದರ ಸಾರ.

ಇಲ್ಲಿ ಸೊನ್ನೆಯನ್ನು ಮರೆಮಾಡಿರಲಿಲ್ಲ, ಎತ್ತಿ ತೋರಿಸಲಾಗುತ್ತಿತ್ತು. ಆದರೆ ತೋರಿಸಿದ್ದು ಅಂಕದಂತೆ, ನಾಚಿಕೆಯಂತೆ. ಕೂಲಿಯ ದುಡ್ಡು ಬಂದ ದಿನವೇ ಪೂರ್ತಿ ತೆಗೆದುಕೊಂಡು ಮನೆ ನಡೆಸಿದವಳ ಸೊನ್ನೆಗೂ, ಪಾಸ್‌ಬುಕ್ಕನ್ನೇ ಕಣ್ಣಿನಲ್ಲಿ ನೋಡದವಳ ಸೊನ್ನೆಗೂ ಅಲ್ಲಿ ವ್ಯತ್ಯಾಸವಿರಲಿಲ್ಲ. ಒಂದು ರೂಪಾಯಿ ಹಾಕಿದೊಡನೆ ಇಬ್ಬರೂ ಒಟ್ಟಿಗೇ ಆ ಎಣಿಕೆಯಿಂದ ಹೊರಗೆ. ಸೊನ್ನೆ ಕಂಡರೆ ಸಾಲದು, ಅದರ ಹಿಂದಿನ ನಡೆಯೂ ಕಾಣಬೇಕು. ಅದಿಲ್ಲದೆ ತೋರಿಸುವ ವರದಿ ಮರೆಮಾಡುವ ವರದಿಗಿಂತ ಹೆಚ್ಚೇನೂ ಹೇಳುವುದಿಲ್ಲ.

ಆದ್ದರಿಂದ ‘-ಇ’ಯನ್ನು ಖಾಯಂ ಮಾಡುವ ಆಸೆ ಬಂದರೂ ಮಾಡಲಿಲ್ಲ. ದಿನದ ವರದಿ ಮ��ದಲಿನಂತೆಯೇ ಇರಲಿ, ಬಾಕಿ ಮಾತ್ರ ತೋರಿಸಲಿ. ವರ್ಷಕ್ಕೊಮ್ಮೆ, ಅಪ್ಪ ಹೊಸ ಪುಸ್ತಕ ತೆರೆಯುತ್ತಿದ್ದ ದೀಪಾವಳಿಯ ದಿನ, ತೀರಿದ್ದನ್ನೂ ಸೇರಿಸಿ ತೆಗೆಯುವುದು ಎಂದು ತೀರ್ಮಾನಿಸಿದೆ. ಕೀರ್ದಿಯಲ್ಲಿ ಇನ್ನೊಂದು ಕೆಲಸ ಮಾಡಿದೆ. ಈ ತಂತ್ರಾಂಶದಲ್ಲಿ ಮೊತ್ತದ ಮುಂದೆ ‘= 0’ ಎಂದು ಬರೆದರೆ, ಈ ವ್ಯವಹಾರದ ನಂತರ ಈ ಖಾತೆಯ ಶಿಲ್ಕು ಸೊನ್ನೆಯೇ ಆಗಿರಬೇಕು ಎಂದು ಹೇಳಿದಂತೆ. ಆಗಿರದಿದ್ದರೆ ವರದಿ ಕೊಡಲು ಒಪ್ಪುವುದಿಲ್ಲ. ಅಪ್ಪ ಓರೆ ಗೆರೆ ಎಳೆದ ಪುಟಗಳಿಗೆಲ್ಲ ಅದನ್ನು ಸೇರಿಸಿದೆ. ಮಾಸ್ತರದು ಹೀಗೆ:

2006-03-18 ಮಾಸ್ತರ ಕೈಗಡ, ಕೊನೆಯ ಕಂತು
    ಸಾಲ:ಮಾಸ್ತರು    1500 = 0
    ಆಸ್ತಿ:ನಗದು    -1500

ಅಪ್ಪನ ‘ಚುಕ್ತಾ’ಕ್ಕೆ ಯಂತ್ರದಲ್ಲಿ ಸಿಕ್ಕ ಸಮಾನಪದ ಇದು. ವರದಿಯಲ್ಲಿ ಕಾಣದಿದ್ದರೂ ಪ್ರತಿ ಸಲ ವರದಿ ತೆಗೆಯುವಾಗಲೂ ಯಂತ್ರ ಆ ಸಾಲನ್ನು ಓದಿ, ಸರಿಯಿದೆಯೇ ಎಂದು ನೋಡಿಯೇ ಮುಂದೆ ಹೋಗುತ್ತದೆ. ನನಗೆ ಸಾಧ್ಯವಾಗದ್ದು ಅದಕ್ಕೆ ಸಾಧ್ಯ.

*

ರಾತ್ರಿ ರೂಮಿಗೆ ಬಂದು ದೊಡ್ಡಕ್ಷರದ ‘-ಇ’ ಹಾಕಿ ವರದಿ ತೆಗೆದೆ. ಐವತ್ಮೂರು ಹೆಸರು, ನಲವತ್ತೊಂದರ ಎದುರು ಸೊನ್ನೆ. ಒಂದೊಂದಾಗಿ ಓದುತ್ತ ಹೋದೆ. ಅವ್ವ ಹಾಸಿಗೆಯ ಮೇಲೆ ಕೂತು ಬೆರಳು ಮಡಿಸುತ್ತ ಕೇಳಿದಳು. ನಡುವೆ ತಡೆದು ಹೇಳುತ್ತಿದ್ದಳು: ‘ಅಕಿ ಈಗ ರಾಣೇಬೆನ್ನೂರಾಗ ಅದಾಳ.’ ‘ಅವರು ಹೋದ ವರ್ಷ ತೀರಿಹೋದ್ರು, ಮಗನ ಕೈಯಾಗ ಕೊಡು.’ ‘ಇವರ ಮಗಳ ಮದುವಿಗೆ ನಿಮ್ಮಪ್ಪ ಒಂದು ಚೀಲ ಸಕ್ಕರಿ ಬರೀಲಾರದ ಕೊಟ್ಟಿದ್ದ, ಅದು ನಿನ್ನ ಲೆಕ್ಕದಾಗ ಇರೂದಿಲ್ಲ ಬಿಡು.’

ಮಾಸ್ತರ ಹೆಸರು ಬಂದಾಗ ಏನೂ ಹೇಳಲಿಲ್ಲ. ಬೆರಳು ಮಡಿಸಿದಳು.

ಮರುದಿನ ಓಣಿಯ ಅಂಗಡಿಯಲ್ಲಿ ಐವತ್ಮೂರು ಗಿಂಡಿ ಕೇಳಿದೆವು. ಅಂಗಡಿಯವನು ಚೌಕಾಸಿಗೆ ಮೊದಲೇ ದರ ಇಳಿಸಿದ. ಅವ್ವ ಇನ್ನೂ ಎರಡು ಸೇರಿಸು ಅಂದಳು, ನೆನಪಾಗದವರು ಯಾರಾದರೂ ಇದ್ದರೆ ಇರಲಿ ಅಂತ. ಊರಿಗೆ ಹೋಗುವ ಮೊದಲು ಧಾರವಾಡದಲ್ಲಿ ಇಳಿಯುವುದು ಎಂದು ಟಿಕೆಟ್ ಬದಲಾಯಿಸಿದ್ದೇನೆ. ಮಾಸ್ತರಿಗೆ ಫೋನು ಮಾಡಿ, ಬರುತ್ತಿದ್ದೇವೆ ಎಂದಷ್ಟೇ ಹೇಳಿದೆ. ‘ಯಾವ ಗಾಡಿ?’ ಎಂದು ಕೇಳಿದರು. ಸ್ಟೇಷನ್ನಿಗೆ ತಾವೇ ಬರುತ್ತಾರಂತೆ.